ಹಳ್ಳದ ದಂಡೆಯ ಲಕ್ಕಿ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೊರಟವರಿಗೆ ಕಮಲಾಪುರ ಸಮೀಪಿಸುತ್ತಿದ್ದಂತೆ ನೆಲದ ಬಣ್ಣ ಬದಲಾಗುವುದು ಕಾಣಿಸುತ್ತದೆ. ತೊಗರಿ ಬೆಳೆಯುವ ಎರೆಭೂಮಿ ಹಿಂದೆ ಸರಿದು ಕೆಂಪು ಮಣ್ಣು ಎದುರಾಗುತ್ತದೆ. ಈ ಊರಿನ ಹೆಸರು ಹೇಳಿದೊಡನೆ ಎಲ್ಲರ ನೆನಪಿಗೆ ಬರುವುದು ಕೆಂಪು ಬಾಳೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಆ ಹಣ್ಣಿನ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ; ನಾನೂ ಬರೆದಿದ್ದೇನೆ. ಆದರೆ ಬಾಳೆಯ ಸುದ್ದಿಗೆಂದು ನಾನು ಕಮಲಾಪುರಕ್ಕೆ ಹೊರಟಾಗಲೆಲ್ಲ ನಮ್ಮ ಆಯಿ ಹೇಳುವುದು ಬೇರೆಯೇ ಮಾತು: ‘ಬರಾಮುಂದ ಹಳ್ಳದ ದಂಡಿಗಿಂದು ಒಂದ್ ಹಿಡಿ ಲೆಕ್ಕಿ ತಪ್ಪಲ ತಗೊಂಡ್ ಬಾ ಯವ್ವಾ.’

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ತಪ್ಪಲ ಎಂದರೆ ಸೊಪ್ಪು. ಲೆಕ್ಕಿ ಎಂದರೆ ಏನು ಎಂಬುದನ್ನು ಮಾತ್ರ ಇಷ್ಟು ಚುಟುಕಾಗಿ ಹೇಳಲಾಗದು. ಕೆಲವರ ಬಾಯಲ್ಲಿ ಅದು ಲಕ್ಕಿ, ಕೆಲವರಿಗೆ ನೆಕ್ಕಿ. ಸಂಸ್ಕೃತ ಬಲ್ಲವರು ನಿರ್ಗುಂಡಿ ಎನ್ನುತ್ತಾರೆ. ಗಣೇಶ ಚೌತಿಯಂದು ಇಪ್ಪತ್ತೊಂದು ಪತ್ರೆಗಳ ಪೂಜೆ ಮಾಡುವವರಿಗೆ ಅದು ಸಿಂಧುವಾರ. ಯಾವ ಹೆಸರಿನಿಂದ ಕರೆದರೂ ಗಿಡ ಮಾತ್ರ ಒಂದೇ. ಹಳ್ಳದ ದಂಡೆ, ಹೊಲದ ಬದು, ಪಾಳುಬಿದ್ದ ಗೋಡೆಯ ಮಗ್ಗುಲು ಎಂದು ಯಾರೂ ನೆಡದ ಜಾಗದಲ್ಲಿ ತಾನಾಗಿ ಬೆಳೆದು ನಿಲ್ಲುವ ಪೊದೆ.

ಲಕ್ಕಿಯನ್ನು ಗುರುತಿಸಲು ಕಣ್ಣಿಗಿಂತ ಮೂಗು ಹೆಚ್ಚು ನಂಬಿಕೆಗೆ ಅರ್ಹ. ಒಂದೆಲೆ ಕಿತ್ತು ಅಂಗೈಯಲ್ಲಿ ಹೊಸಕಿದರೆ ಸಾಕು. ಕರ್ಪೂರ, ಮೆಣಸು, ಒಣಹುಲ್ಲು ಮೂರನ್ನೂ ಬೆರೆಸಿದಂಥ ಒಂದು ವಾಸನೆ ಮೇಲೇಳುತ್ತದೆ. ಇದನ್ನು ಪರಿಮಳ ಎನ್ನಬೇಕೋ ಘಾಟು ಎನ್ನಬೇಕೋ ಎಂಬ ಬಗ್ಗೆ ನಮ್ಮ ಮನೆಯಲ್ಲೇ ಒಮ್ಮತವಿಲ್ಲ. ಮಲ್ಲಿಗೆಯಂತೆ ತಾನಾಗಿ ಬಂದು ಮೂಗಿಗೆ ತಾಗುವ ಸುವಾಸನೆ ಇದಲ್ಲ. ಮುಟ್ಟಿದವರಿಗೆ ಮಾತ್ರ ಸಿಗುವಂಥದು, ಒಮ್ಮೆ ಕೈಗೆ ಹತ್ತಿದರೆ ಬೇಗ ಬಿಡುವುದಿಲ್ಲ.

ಎಲೆಯ ರಚನೆಯೂ ವಿಶಿಷ್ಟ. ಒಂದು ತೊಟ್ಟಿನ ತುದಿಯಿಂದ ಮೂರು ಅಥವಾ ಐದು ಉದ್ದನೆಯ ಎಲೆಗಳು ಬಿಚ್ಚಿದ ಬೆರಳುಗಳಂತೆ ಹರಡಿಕೊಂಡಿರುತ್ತವೆ. ಮೇಲ್ಭಾಗ ಹಸಿರು, ಕೆಳಭಾಗ ಬೂದಿ ಬಳಿದಂತೆ ಬೆಳ್ಳಗೆ. ಗಾಳಿ ಬೀಸಿದಾಗ ಇಡೀ ಪೊದೆ ಒಮ್ಮೆ ಹಸಿರಾಗಿ, ಮರುಕ್ಷಣ ಬಿಳಿಯಾಗಿ ಕಾಣುವುದು ಇದರಿಂದಲೇ. ಎಳೆಯ ಕಡ್ಡಿಯನ್ನು ಬೆರಳಿನಲ್ಲಿ ಹೊರಳಿಸಿದರೆ ಅದು ದುಂಡಗಿರದೆ ನಾಲ್ಕು ಮೂಲೆ ಇರುವುದು ಗೊತ್ತಾಗುತ್ತದೆ. ತುದಿಯಲ್ಲಿ ತಿಳಿ ನೇರಳೆ ಬಣ್ಣದ ಸಣ್ಣ ಹೂಗಳ ಗೊಂಚಲು, ಅದರ ತುಂಬ ಜೇನುನೊಣ. ಆಮೇಲೆ ಮೆಣಸಿನ ಕಾಳಿನಂಥ ಪುಟ್ಟ ಕಾಯಿ, ಹಣ್ಣಾದಾಗ ಕಪ್ಪು. ಸಾಮಾನ್ಯವಾಗಿ ಆಳೆತ್ತರದ ಪೊದೆ. ಕಡಿಯದೆ ಬಿಟ್ಟರೆ ಸಣ್ಣ ಮರವೇ ಆಗುತ್ತದೆ.

ರಸ್ತೆ ಬದಿಯ ಲಂಟಾನವನ್ನೂ ಇದನ್ನೂ ಪಟ್ಟಣದ ಮಂದಿ ಒಂದೇ ಎಂದುಕೊಳ್ಳುವುದುಂಟು. ಎರಡಕ್ಕೂ ಘಾಟು ಇದೆ ಎಂಬುದನ್ನು ಬಿಟ್ಟರೆ ಹೋಲಿಕೆ ಕಡಿಮೆ. ಅಮೆರಿಕ ಖಂಡದಿಂದ ಬಂದ ಲಂಟಾನದ ಎಲೆ ಒಂಟಿ, ಒರಟು, ಕಡ್ಡಿಯಲ್ಲಿ ಮುಳ್ಳು, ದನಗಳಿಗೆ ಅದು ವಿಷ. ಲಕ್ಕಿಗೆ ಮುಳ್ಳಿಲ್ಲ. ಔಷಧಿಗೆಂದು ಸೊಪ್ಪು ತರುವವರು ಈ ವ್ಯತ್ಯಾಸ ತಿಳಿದಿರಲೇಬೇಕು. ಕರಿಲಕ್ಕಿ, ಕರಿನೆಕ್ಕಿ ಎಂಬ ಹೆಸರನ್ನು ಕೆಲವೆಡೆ ಆಡುಸೋಗೆಯ ಬಳಗದ ಬೇರೊಂದು ಗಿಡಕ್ಕೂ ಹೇಳುತ್ತಾರೆ. ಹೆಸರನ್ನಷ್ಟೇ ನಂಬಿದವರು ಅಲ್ಲಿಯೂ ಎಡವಬಹುದು.

ನಮ್ಮ ಸೀಮೆಯ ಬಿಸಿಲಿನಲ್ಲಿ, ಮೇ ತಿಂಗಳಲ್ಲಿ ನಲವತ್ತೆರಡು ನಲವತ್ಮೂರು ಡಿಗ್ರಿ ಮುಟ್ಟುವ ಹೊತ್ತಿನಲ್ಲಿ, ಈ ಗಿಡ ಹಸಿರಾಗಿರುವುದು ಹೇಗೆ? ಎಲೆಯ ಕೆಳಗಿನ ಬಿಳಿಯೇ ಅದರ ಒಂದು ಗುಟ್ಟು. ಅದು ಬಣ್ಣವಲ್ಲ, ಒತ್ತಾಗಿ ಬೆಳೆದ ಸಣ್ಣ ರೋಮಗಳ ಹೊದಿಕೆ. ಎಲೆಯ ನೀರು ಬೇಗ ಆವಿಯಾಗದಂತೆ ಅದು ತಡೆಯುತ್ತದೆ. ಎಲೆಯ ಮೇಲಿನ ಪುಟ್ಟ ಗ್ರಂಥಿಗಳಲ್ಲಿ ವಾಸನೆಯ ಎಣ್ಣೆ ಇರುತ್ತದೆ. ಎಲೆ ಹೊಸಕಿದಾಗ ಒಡೆಯುವುದು ಈ ಗ್ರಂಥಿಗಳು. ನಮಗೆ ಔಷಧಿಯಾದ ಈ ಎಣ್ಣೆ ಗಿಡದ ಮಟ್ಟಿಗೆ ಆತ್ಮರಕ್ಷಣೆಯ ಆಯುಧ. ಬೇಸಿಗೆಯಲ್ಲಿ ಏನು ಸಿಕ್ಕರೂ ಬಿಡದ ಆಡು ಕೂಡ ಲಕ್ಕಿಗೆ ಬಾಯಿ ಹಾಕಲು ಹಿಂದೆಮುಂದೆ ನೋಡುತ್ತದೆ. ಬದುವಿನ ಬೇಲಿಗೆ ಹಿರಿಯರು ಇದನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಹೆಸರಿನ ಜಾಡು

ಗಿಡ ಕಾಡಿನದಾದರೂ ಅದರ ಹೆಸರು ಊರೂರು ಸುತ್ತಿದೆ. ಗದಗ ಜಿಲ್ಲೆಯ ಲಕ್ಕುಂಡಿಯನ್ನು ಅಲ್ಲಿನ ಬಸದಿ, ದೇವಾಲಯಗಳಿಗಾಗಿ ಎಲ್ಲರೂ ಬಲ್ಲರು. ದಾನಚಿಂತಾಮಣಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರು ಅದು. ಶಾಸನಗಳಲ್ಲಿ ಈ ಊರಿನ ಹೆಸರು ಲೊಕ್ಕಿಗುಂಡಿ. ಅಲ್ಲಿನ ಟಂಕಸಾಲೆಯ ಚಿನ್ನದ ನಾಣ್ಯಕ್ಕೆ ಲೊಕ್ಕಿಗದ್ಯಾಣ ಎಂಬ ಹೆಸರಿತ್ತು. ಲೊಕ್ಕಿ ಎಂದರೆ ಲಕ್ಕಿಯೇ. ಆ ಗಿಡ ಹೆಚ್ಚಾಗಿ ಬೆಳೆದಿದ್ದ ತಗ್ಗು ಎಂಬುದರಿಂದ ಊರಿಗೆ ಈ ಹೆಸರು ಬಂತು ಎಂದು ಸ್ಥಳನಾಮ ಬಲ್ಲವರು ಹೇಳುವುದುಂಟು. ಹಾಗಿದ್ದರೆ ಚಿನ್ನದ ನಾಣ್ಯದ ಮೇಲೆ ಹೆಸರು ಬಿಟ್ಟುಹೋದ ಹಳ್ಳದ ಗಿಡ ಬಹುಶಃ ಇದೊಂದೇ ಇರಬೇಕು.

ತಮಿಳಿನಲ್ಲಿ ಇದಕ್ಕೆ ನೊಚ್ಚಿ ಎನ್ನುತ್ತಾರೆ. ನಮ್ಮ ನೆಕ್ಕಿಗೆ ಅದು ಅಕ್ಕತಂಗಿಯಂಥ ಪದ. ಹಳೆಯ ತಮಿಳು ಕಾವ್ಯಸಂಪ್ರದಾಯದಲ್ಲಿ, ಮುತ್ತಿಗೆಗೆ ಒಳಗಾದ ಕೋಟೆಯನ್ನು ಕಾಯುವ ವೀರರು ನೊಚ್ಚಿಯ ಹೂವು ಮುಡಿಯುತ್ತಿದ್ದರು. ಕೋಟೆ ಕಾಯುವ ಆ ಪ್ರಸಂಗಕ್ಕೂ ನೊಚ್ಚಿ ಎಂದೇ ಹೆಸರು. ಕಲಬುರಗಿಯ ಬಹಮನಿ ಕೋಟೆಯ ಕಡೆಗೆ ಹೋದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ತೆಲುಗರಿಗೆ ಇದು ವಾವಿಲಿ, ಮರಾಠಿಗರಿಗೆ ನಿರಗುಡಿ. ನಮ್ಮ ಜಿಲ್ಲೆ ಎರಡೂ ಭಾಷೆಗಳ ಗಡಿಗೆ ಹೊಂದಿಕೊಂಡಿರುವುದರಿಂದ ಈ ಹೆಸರುಗಳೂ ಇಲ್ಲಿ ಅಪರಿಚಿತವಲ್ಲ. ಉರ್ದು ಮಾತನಾಡುವವರು ಸಂಭಾಲೂ ಎನ್ನುತ್ತಾರೆ. ಯುನಾನಿ ವೈದ್ಯದಲ್ಲಿ ಇದರ ಬಳಗಕ್ಕೆ ಇರುವ ಪಾರ್ಸಿ ಹೆಸರು ಪಂಜಂಗುಷ್ಟ್, ಅಂದರೆ ಐದು ಬೆರಳು. ಎಲೆಯನ್ನು ನೋಡಿದವರಿಗೆ ಈ ಹೆಸರಿನ ಅರ್ಥ ವಿವರಿಸಬೇಕಾಗಿಲ್ಲ. ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಹಕೀಮರ ಮದ್ದಿಗೂ ವೈದ್ಯರ ಮದ್ದಿಗೂ ಒಂದೇ ಹಳ್ಳದ ದಂಡೆಯಿಂದ ಸೊಪ್ಪು ಹೋಗುತ್ತಿತ್ತು ಎಂದುಕೊಂಡರೆ ತಪ್ಪಾಗದು.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ವೈಟೆಕ್ಸ್ ನೆಗುಂಡೊ ಎಂದು ಹೆಸರಿಟ್ಟ. ನೆಗುಂಡೊ ಎಂಬುದು ನಮ್ಮ ನಿರ್ಗುಂಡಿಯೇ, ವೇಷ ಬದಲಿಸಿದೆ ಅಷ್ಟೆ. ಮುಂದಿನ ಸಂಗತಿ ಇನ್ನೂ ಸ್ವಾರಸ್ಯಕರ. ಉತ್ತರ ಅಮೆರಿಕದ ಒಂದು ಮೇಪಲ್ ಮರದ ಎಲೆ ಲಕ್ಕಿಯ ಎಲೆಯನ್ನು ಹೋಲುತ್ತದೆಂದು ಅದಕ್ಕೂ ಏಸರ್ ನೆಗುಂಡೊ ಎಂಬ ಹೆಸರು ಬಿತ್ತು. ಹೀಗೆ ನಮ್ಮ ಗಿಡವನ್ನು ಕಾಣದ ಮರವೊಂದು ಅದರ ಹೆಸರನ್ನು ಹೊತ್ತು ಕೆನಡಾದ ಹಿಮದಲ್ಲಿ ನಿಂತಿದೆ. ಇನ್ನು ವೈಟೆಕ್ಸ್ ಎಂಬ ಲ್ಯಾಟಿನ್ ಪದದ ಮೂಲದಲ್ಲಿ ಹೆಣೆಯುವುದು ಎಂಬ ಅರ್ಥವಿದೆ. ಇದರ ಬಳಗದ ಗಿಡದ ಬಳುಕುವ ಕಡ್ಡಿಗಳಿಂದ ರೋಮನ್ನರು ಹೆಣಿಗೆ ಮಾಡುತ್ತಿದ್ದರು. ನಮ್ಮಲ್ಲಿಯೂ ಲಕ್ಕಿಯ ಕಡ್ಡಿಯಿಂದ ಬುಟ್ಟಿ, ತಟ್ಟಿ ಹೆಣೆಯುವುದುಂಟು. ಸಾವಿರಾರು ಮೈಲಿ ದೂರದ ಎರಡು ಜನಪದಗಳ ಕೈ ಒಂದೇ ಕೆಲಸ ಕಂಡುಕೊಂಡಿದ್ದವು. ಮೊದಲು ಈ ಗಿಡವನ್ನು ಲಂಟಾನ ಇರುವ ವರ್ಬಿನೇಸಿ ಕುಟುಂಬಕ್ಕೆ ಸೇರಿಸಿದ್ದರು. ಈಗಿನ ವಿಜ್ಞಾನಿಗಳು ಅದನ್ನು ತುಳಸಿ, ಪುದೀನಗಳ ಕುಟುಂಬಕ್ಕೆ ವರ್ಗಾಯಿಸಿದ್ದಾರೆ. ನಾಲ್ಕು ಮೂಲೆಯ ಕಡ್ಡಿ, ಘಾಟಿನ ಎಲೆ ನೋಡಿದರೆ ಆ ಸಂಬಂಧ ನಮಗೂ ಒಪ್ಪಿಗೆಯಾಗುತ್ತದೆ.

ಬಚ್ಚಲಮನೆಯ ಔಷಧಿ

ಚರಕ ಸಂಹಿತೆಯಲ್ಲಿ ಔಷಧಿಗಳನ್ನು ಹತ್ತು ಹತ್ತರ ಗುಂಪುಗಳಾಗಿ ವಿಂಗಡಿಸಿದ್ದಾರೆ. ಅದರಲ್ಲಿ ಕ್ರಿಮಿಗಳನ್ನು ಕಳೆಯುವ ಹತ್ತರಲ್ಲಿ ನಿರ್ಗುಂಡಿಯ ಹೆಸರಿದೆ, ವಿಷ ಕಳೆಯುವ ಹತ್ತರಲ್ಲಿ ಸಿಂಧುವಾರದ ಹೆಸರಿದೆ. ಹದಿನಾರನೆಯ ಶತಮಾನದ ಭಾವಮಿಶ್ರನ ನಿಘಂಟಿನಲ್ಲಿ ಬಿಳಿ ಹೂವಿನದು, ನೀಲಿ ಹೂವಿನದು ಎಂಬ ಎರಡು ಬಗೆ ಹೇಳಿದೆ. ವಾತದ ನೋವಿಗೆ ಹಚ್ಚುವ ನಿರ್ಗುಂಡಿ ತೈಲ ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ಸಿಗುತ್ತದೆ. ಗ್ರಂಥದ ಮಾತು ಇಷ್ಟು ಸಾಕು. ಏಕೆಂದರೆ ನಮ್ಮ ಹಳ್ಳಿಗಳಲ್ಲಿ ಲಕ್ಕಿ ಉಳಿದುಕೊಂಡದ್ದು ಗ್ರಂಥದಿಂದಲ್ಲ, ಬಚ್ಚಲಮನೆಯಿಂದ.

ಬಾಣಂತಿಗೆ ಎರೆಯುವ ನೀರಿನ ಹಂಡೆಗೆ ಲಕ್ಕಿ ಸೊಪ್ಪು ಹಾಕಿ ಕುದಿಸುವುದು ಬಹಳ ಮನೆಗಳ ರೂಢಿ. ನಮ್ಮ ಆಯಿಯ ಲೆಕ್ಕದಲ್ಲಿ ಅದಕ್ಕೊಂದು ಅಳತೆಯುಂಟು. ಒಂದು ಹಂಡೆ ನೀರಿಗೆ ಎರಡು ಹಿಡಿ ಸೊಪ್ಪು. ನೀರಿನ ಬಣ್ಣ ತಿಳಿ ಹಸಿರಿಗೆ ತಿರುಗಿ ಘಾಟು ಹೊರಗಿನ ಪಡಸಾಲೆಗೆ ಬಂದರೆ ಹದವಾಯಿತು. ಅದಕ್ಕಿಂತ ಹೆಚ್ಚು ಕುದಿಸಿದರೆ ‘ಬರೇ ಕಹಿ ನೀರ ಉಳೀತದ, ಅದರಾಗಿನ ಸತ್ವ ಹೊಗಿಗಿ ಹೋಗ್ತದ’ ಎನ್ನುತ್ತಾಳೆ. ವಾಸನೆಯ ಎಣ್ಣೆ ಆವಿಯೊಡನೆ ಹಾರಿಹೋಗುತ್ತದೆ ಎಂದು ರಸಾಯನಶಾಸ್ತ್ರ ಹೇಳುವುದೂ ಇದನ್ನೇ. ನೆಗಡಿಯಾದರೆ ಪಾತ್ರೆಯ ಮೇಲೆ ಬಗ್ಗಿ, ಕಂಬಳಿ ಹೊದ್ದು ಆವಿ ತೆಗೆದುಕೊಳ್ಳುವುದು. ತಲೆನೋವಿಗೆ ಒಣಗಿಸಿದ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ತಲೆಯ ಕೆಳಗೆ ಇಟ್ಟುಕೊಳ್ಳುವುದು. ಉಳುಕಿದ ಕಾಲಿಗೆ ಸೊಪ್ಪನ್ನು ಹಂಚಿನ ಮೇಲೆ ಬಾಡಿಸಿ ಬಿಸಿಬಿಸಿಯಾಗಿ ಕಟ್ಟುವುದು. ಇವೆಲ್ಲ ಅದೇ ಮನೆಮದ್ದಿನ ಬೇರೆ ಬೇರೆ ರೂಪಗಳು. ಓದುಗರು ಒಂದನ್ನು ಗಮನಿಸಬೇಕು. ಇವುಗಳಲ್ಲಿ ಯಾವುದೂ ಹೊಟ್ಟೆಗೆ ಹೋಗುವುದಿಲ್ಲ. ಮೈಮೇಲೆ ಸುರಿಯುವುದು, ಕಟ್ಟುವುದು, ಮೂಸುವುದು, ಅಷ್ಟೇ. ನಾನು ಕೇಳಿದಾಗ ಆಯಿ ಖಡಾಖಂಡಿತವಾಗಿ ಹೇಳಿದಳು: ‘ಕುಡಿಯೋದು ವೈದ್ಯರ ಕೆಲ್ಸ. ನಮ್ದಲ್ಲ.’

ಈ ಸೊಪ್ಪಿಗೆ ನಮ್ಮ ಜಿಲ್ಲೆಯಲ್ಲಿ ಎಂದೂ ಇಲ್ಲದ ಬೇಡಿಕೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದು 2006ರಲ್ಲಿ. ಆಗ ನಾನು ಒಂದನೆಯ ತರಗತಿಯ ಹುಡುಗಿ. ಅದು ಚಿಕುನ್‌ಗುನ್ಯಾದ ವರ್ಷ. 1973ರಲ್ಲಿ ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡು ಮರೆಯಾಗಿದ್ದ ಈ ಜ್ವರ ಮೂವತ್ತೆರಡು ವರ್ಷಗಳ ನಂತರ, 2005ರ ಕೊನೆಯಲ್ಲಿ ಮರಳಿತು. ಆ ಹಾವಳಿಯಲ್ಲಿ ದೇಶದಲ್ಲೇ ಹೆಚ್ಚು ನರಳಿದ್ದು ಕರ್ನಾಟಕ. ರಾಜ್ಯದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ಲೆಕ್ಕಕ್ಕೆ ಸಿಕ್ಕವು. ಅಂದಿನ ಗುಲ್ಬರ್ಗ ಜಿಲ್ಲೆ ಮೊದಲೇ ಪೆಟ್ಟು ತಿಂದ ಜಿಲ್ಲೆಗಳಲ್ಲಿ ಒಂದು. ಆಫ್ರಿಕದ ಮಕೊಂಡೆ ಭಾಷೆಯಲ್ಲಿ ಚಿಕುನ್‌ಗುನ್ಯಾ ಎಂದರೆ ಬಾಗಿಸುವುದು, ಸೊಟ್ಟಗಾಗಿಸುವುದು. ನಮ್ಮ ಓಣಿಯ ಜನ ಆ ಭಾಷೆ ತಿಳಿಯದೆಯೂ ಅದರ ಅರ್ಥ ತಿಳಿದುಕೊಂಡಿದ್ದರು. ಮೂರು ದಿನ ಜ್ವರ. ಆಮೇಲೆ ತಿಂಗಳುಗಟ್ಟಲೆ ಕೀಲುನೋವು. ಮುತ್ಯಾ ಗೋಡೆ ಹಿಡಿದು ನಡೆದರು. ಅವ್ವನಿಗೆ ರೊಟ್ಟಿ ಬಡಿಯಲು ಕೈ ಮಡಚುತ್ತಿರಲಿಲ್ಲ. ರೊಟ್ಟಿಯ ಸದ್ದು ಇಲ್ಲದ ಮುಂಜಾವು ನಮ್ಮ ಕಡೆ ಎಂಥದೆಂದು ಜೋಳ ತಿನ್ನುವವರಿಗೆ ಹೇಳಬೇಕಿಲ್ಲ.

ಆಸ್ಪತ್ರೆಯಲ್ಲಿ ಜ್ವರದ ಗುಳಿಗೆ ಕೊಟ್ಟು ವಿಶ್ರಾಂತಿ ಹೇಳಿ ಕಳಿಸುತ್ತಿದ್ದರು. ಅದರಲ್ಲಿ ವೈದ್ಯರ ತಪ್ಪಿಲ್ಲ, ಆ ವೈರಸ್ಸನ್ನು ಕೊಲ್ಲುವ ನಿಶ್ಚಿತ ಔಷಧಿ ಇರಲಿಲ್ಲ, ಈಗಲೂ ಇಲ್ಲ. ಆಗ ಆಯಿ ಕಮಲಾಪುರದ ಕಡೆಯ ತನ್ನ ತವರಿನಿಂದ ಲಕ್ಕಿ ಸೊಪ್ಪಿನ ಗಂಟು ತರಿಸಿದಳು. ದಿನಾ ಸಂಜೆ ಹಂಡೆ ಉರಿಯಿತು. ಮೊದಲು ನಮ್ಮ ಮನೆಗೆ, ನಂತರ ಮಗ್ಗುಲ ಮನೆಗೆ, ಕೊನೆಗೆ ಓಣಿಯ ಅರ್ಧಕ್ಕೆ. ನೋವು ಪೂರ್ತಿ ಹೋಗಲಿಲ್ಲ. ಆದರೆ ಎರೆದುಕೊಂಡ ರಾತ್ರಿ ಅವ್ವ ನಿದ್ದೆ ಮಾಡುತ್ತಿದ್ದಳು. ಆ ವಾಸನೆ ಮೂಗಿಗೆ ಬಂದರೆ ಈಗಲೂ ನನಗೆ ಮೊದಲು ನೆನಪಾಗುವುದು ಸಾಲಾಗಿ ಕುಂಟುತ್ತ ನಮ್ಮ ಬಚ್ಚಲಿಗೆ ಬರುತ್ತಿದ್ದ ದೊಡ್ಡವರು.

ಲಕ್ಕಿ ಆಗ ಮಾಡಿದ್ದೇನು? ವೈರಸ್ಸನ್ನು ಅದು ಕೊಂದಿತು ಎನ್ನಲು ಆಧಾರವಿಲ್ಲ. ಬಿಸಿನೀರೇ ಬಿಗಿದ ಕೀಲನ್ನು ಸಡಿಲಿಸುತ್ತದೆ. ಅದರ ಪಾಲನ್ನು ಅದಕ್ಕೆ ಕೊಡಲೇಬೇಕು. ಆದರೆ ಎಲೆಯ ಪಾಲು ಸೊನ್ನೆ ಎನ್ನುವುದೂ ಸರಿಯಲ್ಲ. ಲಕ್ಕಿಯ ಎಣ್ಣೆಯಲ್ಲಿ ಮೆಣಸು, ಲವಂಗಗಳಲ್ಲೂ ಇರುವ ಕ್ಯಾರಿಯೋಫಿಲೀನ್ ಎಂಬ ವಸ್ತುವಿದೆ. ಎಲೆಯಲ್ಲಿ ಕ್ಯಾಸ್ಟಿಸಿನ್, ಆಗ್ನುಸೈಡ್ ಮುಂತಾದ ರಾಸಾಯನಿಕಗಳಿವೆ. 2003ರಲ್ಲಿ ಶ್ರೀಲಂಕಾದ ವಿಜ್ಞಾನಿಗಳು ಬಲಿತ ಹಸಿ ಎಲೆಯ ನೀರಿನ ಸಾರವನ್ನು ಇಲಿಗಳಿಗೆ ಕುಡಿಸಿ, ಅದು ಊತವನ್ನೂ ನೋವನ್ನೂ ತಗ್ಗಿಸುತ್ತದೆ ಎಂದು ಪ್ರಕಟಿಸಿದರು. ಬೇರೆಡೆಯೂ ಇಂಥ ಪ್ರಯೋಗಗಳು ನಡೆದಿವೆ. ಆದರೂ ಒಂದು ಮಾತು: ಇಲಿ ಕುಡಿದದ್ದಕ್ಕೂ ಅವ್ವ ಎರೆದುಕೊಂಡದ್ದಕ್ಕೂ ನಡುವೆ ದೊಡ್ಡ ಅಂತರವಿದೆ. ‘ವಿಜ್ಞಾನವೂ ಒಪ್ಪಿದೆ’ ಎಂದು ಈ ಅಂತರವನ್ನು ಒಂದೇ ನೆಗೆತಕ್ಕೆ ದಾಟುವ ಬರಹಗಳನ್ನು ಕಂಡಾಗ ನನಗೆ ಇರುಸುಮುರುಸಾಗುತ್ತದೆ.

ಈ ಅಂತರವನ್ನು ತಾಳ್ಮೆಯಿಂದ ದಾಟಿದವರೂ ಇದ್ದಾರೆ. ಫಿಲಿಪ್ಪೀನ್ಸ್ ದೇಶದಲ್ಲಿ ಲಕ್ಕಿಗೆ ಲಗುಂಡಿ ಎನ್ನುತ್ತಾರೆ. ಅಲ್ಲಿಯೂ ಅದು ಅಜ್ಜಿಯರ ಮದ್ದೇ ಆಗಿತ್ತು, ಕೆಮ್ಮಿಗೆ. ಅಲ್ಲಿನ ಸರ್ಕಾರ ಔಷಧಿ ಸಸ್ಯಗಳ ಸಂಶೋಧನೆಗೆಂದು ಒಂದು ರಾಷ್ಟ್ರೀಯ ಕಾರ್ಯಕ್ರಮ ಹಾಕಿಕೊಂಡು, ಎಲೆಯನ್ನು ಪರೀಕ್ಷಿಸಿ, ಮನುಷ್ಯರ ಮೇಲೆ ಪ್ರಯೋಗ ನಡೆಸಿ, ಎಷ್ಟು ಪ್ರಮಾಣ ಸುರಕ್ಷಿತ ಎಂದು ನಿರ್ಧರಿಸಿತು. ಆರೋಗ್ಯ ಇಲಾಖೆ 1990ರ ದಶಕದಲ್ಲಿ ಶಿಫಾರಸು ಮಾಡಿದ ಹತ್ತು ಔಷಧಿ ಗಿಡಗಳಲ್ಲಿ ಲಗುಂಡಿಯೂ ಒಂದು. ಇಂದು ಅಲ್ಲಿನ ಔಷಧಿ ಅಂಗಡಿಯಲ್ಲಿ ಲಗುಂಡಿಯ ಗುಳಿಗೆ, ಸಿರಪ್ ಸಿಗುತ್ತವೆ. ಪೊಟ್ಟಣದ ಮೇಲೆ ಎಷ್ಟು ಮಿಲಿಗ್ರಾಂ, ಯಾರಿಗೆ ಎಷ್ಟು ಎಂದು ಬರೆದಿರುತ್ತದೆ. ನಮ್ಮಲ್ಲಿಯೂ ನಿರ್ಗುಂಡಿಗೆ ಆಯುರ್ವೇದ ಫಾರ್ಮಕೋಪಿಯಾದಲ್ಲಿ ಸ್ಥಾನವಿದೆ. ಆದರೆ ಹಳ್ಳಿಯ ಅಳತೆಗೂ ಆ ಪುಸ್ತಕದ ಅಳತೆಗೂ ಮಾತುಕತೆಯೇ ನಡೆದಂತೆ ಕಾಣುವುದಿಲ್ಲ.

ಪೊಟ್ಟಣದೊಳಗಿನ ಹೆಸರು

ಆ ಮಾತುಕತೆ ಇಲ್ಲದ ಜಾಗವನ್ನು ಬೇರೆಯವರು ತುಂಬುತ್ತಾರೆ. ಕೆಲ ವರ್ಷಗಳ ಹಿಂದೆ ನಮ್ಮ ಅತ್ತೆಗೆ ಮೊಣಕಾಲು ನೋವು ಹೆಚ್ಚಾಯಿತು. ಒಂದು ಜಾತ್ರೆಯಲ್ಲಿ ಧ್ವನಿವರ್ಧಕ ಇಟ್ಟುಕೊಂಡು ಮಾರುತ್ತಿದ್ದವರಿಂದ ‘ಶುದ್ಧ ನಿರ್ಗುಂಡಿ ಪುಡಿ’ ತಂದರು. ಒಂದೇ ವಾರದಲ್ಲಿ ನೋವು ಮಾಯ. ಅತ್ತೆ ಮೆಟ್ಟಿಲು ಹತ್ತಿ ಇಳಿದು ತೋರಿಸಿದರು. ಐದಾರು ತಿಂಗಳಲ್ಲಿ ಮುಖ ಊದಿಕೊಂಡಿತು, ಸಕ್ಕರೆ ಕಾಯಿಲೆ ತಲೆ ಎತ್ತಿತು. ಪುಡಿ ಬಿಟ್ಟರೆ ಮೈ ಏಳದಂತಾಯಿತು. ಪರೀಕ್ಷಿಸಿದ ವೈದ್ಯರು ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿರುವ ಲಕ್ಷಣ ಇದು ಎಂದರು. ಗಿಡಮೂಲಿಕೆಯ ಹೆಸರಿನ ನೋವಿನ ಪುಡಿಗಳಲ್ಲಿ ಈ ಕಲಬೆರಕೆ ಹೊಸದಲ್ಲ ಎಂದೂ ಹೇಳಿದರು. ಎಚ್ಚರಿಕೆಯಿಂದ, ಹಂತಹಂತವಾಗಿ ಅದನ್ನು ಬಿಡಿಸಲು ತಿಂಗಳುಗಳೇ ಬೇಕಾದವು. ಆಯಿ ಆ ಪೊಟ್ಟಣವನ್ನು ಮೂಸಿ ನೋಡಿ ಆಡಿದ್ದು ಒಂದೇ ಮಾತು: ‘ಇದಕ್ ಲೆಕ್ಕಿ ವಾಸನೀನೇ ಇಲ್ಲಲ್ಲ!’

ಆ ಮೂಗು ಇದ್ದವರು ಮನೆಯಲ್ಲಿದ್ದೂ ನಾವು ಮೋಸ ಹೋದೆವು. ಲಕ್ಕಿಯ ಹದ ಗೊತ್ತಿದ್ದವರಿಗೆ ಅದು ಒಂದು ವಾರದಲ್ಲಿ ನೋವು ಮಾಯ ಮಾಡುವ ಮದ್ದಲ್ಲ ಎಂಬುದೂ ಗೊತ್ತಿರುತ್ತದೆ. ಅದರ ಗುಣ ನಿಧಾನ, ಅದರ ಪರಿಣಾಮ ಸಾಧಾರಣ. ಹೆಸರು ಮಾತ್ರ ಗೊತ್ತಿದ್ದು ಹದ ಗೊತ್ತಿಲ್ಲದಾಗಲೇ ಪೊಟ್ಟಣಕ್ಕೆ ಗಿರಾಕಿ ಸಿಗುವುದು.

ಹೊಟ್ಟೆಗೆ ತೆಗೆದುಕೊಳ್ಳುವ ವಿಷಯದಲ್ಲಿ ಇನ್ನೂ ಎರಡು ಮಾತು ಹೇಳಲೇಬೇಕು. ಲಕ್ಕಿಯ ಬೀಜದ ಸಾರ ಪ್ರಾಣಿಗಳ ಸಂತಾನಶಕ್ತಿಯ ಮೇಲೆ ಪರಿಣಾಮ ಮಾಡಿದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ. ಹಾಗಾಗಿ ಬಸುರಿಯರು, ಮಕ್ಕಳನ್ನು ಬಯಸುವವರು ತಾವೇ ಕಷಾಯ ಮಾಡಿಕೊಂಡು ಕುಡಿಯುವುದು ತರವಲ್ಲ. ಎಳೆಗೂಸಿನ ತೊಟ್ಟಿಲ ಕೆಳಗೆ ಲಕ್ಕಿಯ ಹೊಗೆ ಹಾಕುವ ರೂಢಿಯೂ ಕೆಲವೆಡೆ ಇದೆ. ಹೊಗೆ ಯಾವುದರದಾದರೂ ಕೂಸಿನ ಪುಪ್ಪುಸಕ್ಕೆ ಒಳ್ಳೆಯದಲ್ಲ. ಈ ಮಾತನ್ನು ಆಯಿ ಒಪ್ಪುವುದಿಲ್ಲ. ನಾವಿಬ್ಬರೂ ಈ ವಿಷಯದಲ್ಲಿ ಜಗಳವಾಡಿ ಆಗಿದೆ.

ಹೊಗೆಯ ಇನ್ನೊಂದು ಉಪಯೋಗ ಮಾತ್ರ ಅರ್ಥವಾಗುವಂಥದು. ಸಂಜೆಯ ಹೊತ್ತು ದನದ ಕೊಟ್ಟಿಗೆಯಲ್ಲಿ ಹಸಿ ಲಕ್ಕಿ ಸೊಪ್ಪಿನ ಹೊಗೆ ಎಬ್ಬಿಸಿದರೆ ಸೊಳ್ಳೆ, ನೊಣ ದೂರ ಸರಿಯುತ್ತವೆ. ಕಾಳು ತುಂಬುವ ಕಣಜದಲ್ಲಿ ಪದರ ಪದರವಾಗಿ ಒಣ ಎಲೆ ಹಾಸುವುದೂ ಹುಳ ಬೀಳದಿರಲೆಂದೇ. ಬೇವಿನ ಜೊತೆ ಲಕ್ಕಿ ಇಲ್ಲಿ ಜೋಡೆತ್ತು. ಚರಕ ಹೇಳಿದ ಕ್ರಿಮಿಘ್ನ ಎಂಬ ಮಾತಿಗೆ ನಮ್ಮ ರೈತಮಹಿಳೆಯರು ಮಾಡಿದ ವ್ಯಾಖ್ಯಾನ ಇದು. ಈಗ ಕಾಳಿಗೆ ಗುಳಿಗೆ ಇಡುವವರು ಹೆಚ್ಚು. ಆ ಗುಳಿಗೆಯಿಂದ ಹೊರಡುವ ಫಾಸ್ಫೀನ್ ಅನಿಲ ಹುಳವನ್ನಷ್ಟೇ ಅಲ್ಲ, ಅದೇ ಕೋಣೆಯಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲಬಲ್ಲದು. ಕೆಲಸದ ವೇಗದಲ್ಲಿ ಲಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ, ಹಾಗೆಯೇ ಅಪಾಯದಲ್ಲಿಯೂ. ವರ್ಷಕ್ಕಾಗುವಷ್ಟು ಮನೆಯ ಕಾಳಿಗೆ ಎಲೆ ಸಾಕು, ಗಂಜಿನ ಗೋದಾಮಿಗೆ ಸಾಲದು.

ತೊಗರಿಯ ನಾಡಿನಲ್ಲಿ ಕಾಯಿಕೊರಕದ ಹೆಸರೆತ್ತದೆ ಕೀಟದ ಮಾತು ಮುಗಿಯುವಂತಿಲ್ಲ. 1997-98ರಲ್ಲಿ ಈ ಹುಳ ಗುಲ್ಬರ್ಗ, ಬೀದರ್ ಜಿಲ್ಲೆಗಳ ತೊಗರಿಯನ್ನು ನೆಲಕಚ್ಚಿಸಿತು. ಸಾಲ ಮಾಡಿ ಔಷಧಿ ಹೊಡೆದ ರೈತರು ಬೆಳೆಯನ್ನೂ ಕಳೆದುಕೊಂಡು, ಜೀವವನ್ನೂ ಕಳೆದುಕೊಂಡರು. ವಿಷದ ಖರ್ಚು ತಗ್ಗಿಸಲು ಈಗ ಸಾವಯವ ರೈತರು ಬಳಸುವ ದಶಪರ್ಣಿ ಕಷಾಯದಲ್ಲಿ ಹತ್ತು ಬಗೆಯ ಸೊಪ್ಪು ಕೊಳೆಸುತ್ತಾರೆ; ಬೇವು, ಸೀತಾಫಲ, ಹೊಂಗೆಗಳ ಜೊತೆಗೆ ಲಕ್ಕಿಯೂ ಸೇರುತ್ತದೆ. ಅದನ್ನು ಮಾಡಲು ಹೊರಟವರು ನನಗೆ ಹೇಳುವ ಕಷ್ಟ ಒಂದೇ. ಒಂಬತ್ತು ಸೊಪ್ಪು ಸಿಗುತ್ತವೆ, ಲಕ್ಕಿಗೆ ಅಲೆಯಬೇಕು.

ಅಲೆಯಬೇಕಾದದ್ದೇಕೆ ಎಂಬುದು ಈ ಸಲ ಹೋದಾಗ ನನಗೂ ತಿಳಿಯಿತು. ಕಮಲಾಪುರ ಸೀಮೆಯಲ್ಲಿ ಆಯಿಯ ತವರಿನ ಹೊಲದ ಹಿಂದೆ ಒಂದು ಹಳ್ಳವಿದೆ. ಚಿಕ್ಕವಳಿದ್ದಾಗ ಅದರ ಎರಡೂ ದಂಡೆಗೆ ಲಕ್ಕಿಯ ಗೋಡೆಯೇ ಇತ್ತು. ಒಳಗೆ ನವಿಲು ಇರುತ್ತಿದ್ದವು. ಈ ಬಾರಿ ದಂಡೆ ಬೋಳಾಗಿತ್ತು. ಹಳ್ಳದ ಹೂಳು ತೆಗೆಯಲು ಬಂದ ಜೆಸಿಬಿ ದಂಡೆಯನ್ನೂ ಕೆರೆದು ಹೋಗಿತ್ತು. ಅದರ ಹಿಂದೆಯೇ ಹೊಲದವರು ಬದು ಒಡೆದು ಎರಡು ಸಾಲು ತೊಗರಿ ಹೆಚ್ಚಿಗೆ ಹಾಕಿದ್ದರು. ಅವರನ್ನು ದೂರುವುದು ಸುಲಭ. ಆದರೆ ಎರಡು ಸಾಲಿನ ತೊಗರಿಗೆ ಬೆಲೆ ಉಂಟು, ಲಕ್ಕಿಗೆ ಎಲ್ಲಿಯೂ ಬೆಲೆ ಬರೆದಿಲ್ಲ. ಮೊದಲ ಮಳೆಗೆ ದಂಡೆಯ ಮಣ್ಣು ಮೂರು ಕಡೆ ಕುಸಿದಿದ್ದನ್ನು ಹೊಲದವರೇ ನನಗೆ ತೋರಿಸಿದರು. ಲಕ್ಕಿಯ ಬೇರು ಸುತ್ತಲೂ ಹಬ್ಬಿ ಮೊಳಕೆ ಒಡೆಯುತ್ತ ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಳ್ಳದ ದಂಡೆಗೆ ಅದು ಮಾಡುತ್ತಿದ್ದ ಕೆಲಸವನ್ನು ಯಾರೂ ಕೂಲಿ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಮಾಧಾನದ ಸಂಗತಿಯೆಂದರೆ ಲಕ್ಕಿ ಹಟಮಾರಿ. ಬುಡಕ್ಕೆ ಕಡಿದರೂ ಚಿಗುರುತ್ತದೆ. ನರ್ಸರಿ, ಸಸಿ, ಗೊಬ್ಬರ ಯಾವುದರ ಗೊಡವೆಯೂ ಇಲ್ಲ. ಹೆಬ್ಬೆರಳು ದಪ್ಪದ ಕಡ್ಡಿಯನ್ನು ಮಳೆಗಾಲದ ಮೊದಲಿಗೆ ಹಸಿ ನೆಲದಲ್ಲಿ ಊರಿದರೆ ಬೇರು ಬಿಡುತ್ತದೆ. ಒಂದು ಸಾಲು ಊರಿದರೆ ಎರಡು ಮೂರು ವರ್ಷದಲ್ಲಿ ಬೇಲಿ. ಶಾಲೆಯ ಅಂಗಳ, ಊರ ಕೆರೆಯ ಏರಿಗೆ ಯೋಗ್ಯವಾದ ಗಿಡ. ಆಡಿನ ಕಾಟವಿಲ್ಲವಾದ್ದರಿಂದ ಕಾವಲೂ ಬೇಡ.

ಆ ದಿನ ಹಳ್ಳದಲ್ಲಿ ಉಳಿದಿದ್ದ ಒಂದೇ ಪೊದೆಯಿಂದ ಸೊಪ್ಪಿನ ಜೊತೆಗೆ ನಾಲ್ಕು ಕಡ್ಡಿಯನ್ನೂ ಕೊಯ್ದು ತಂದೆ. ಬಸ್ಸಿನಲ್ಲಿ ಪಕ್ಕದವರು ಮೂಗು ಅರಳಿಸಿ, ‘ಬಾಣಂತಿ ಅದಾಳೇನ್ರಿ ಮನ್ಯಾಗ?’ ಎಂದು ಕೇಳಿದರು. ಕಲಬುರಗಿಯ ನಮ್ಮ ಮನೆಯ ಹಿಂದೆ, ಬಚ್ಚಲ ನೀರು ಹರಿಯುವಲ್ಲಿ ನಾಲ್ಕನ್ನೂ ಊರಿದೆವು. ಮೂರು ಒಣಗಿದವು. ಒಂದು ಚಿಗುರಿತು. ತಿಂಗಳ ನಂತರ ಮೊದಲ ಸಲ ಐದು ಬೆರಳಿನ ಎಲೆ ಬಿಟ್ಟಾಗ ಆಯಿ ಅದರ ತುದಿ ಚಿವುಟಿ, ಅಂಗೈಯಲ್ಲಿ ಹೊಸಕಿ, ಮೂಗಿಗೆ ಹಿಡಿದಳು.

‘ಇನ್ನಾ ಘಾಟ ಹತ್ತಿಲ್ಲ,’ ಎಂದಳು. ‘ಒಂದ್ ಬ್ಯಾಸಗಿ ಕಾಣ್ಲಿ ತಡಿ.’